ಒಂದು ಸಲಕ್ಕೆ ಒಂದೇ ಹೊಸದು: ಸರಳೆ ವರಸೆಯಿಂದ ವರ್ಣದವರೆಗಿನ ದಾರಿ

ಸಂಗೀತ ಕಲಿಯುತ್ತಿರುವ ಮಕ್ಕಳ ತಂದೆತಾಯಂದಿರೂ ಹೊಸದಾಗಿ ಪಾಠ ಹೇಳಲು ತೊಡಗಿರುವ ಶಿಕ್ಷಕರೂ ಸೇರಿದ್ದ ಸಭೆಯೊಂದರಲ್ಲಿ ನಾನು ಆಡಿದ ಮಾತುಗಳ ಬರಹ ರೂಪವಿದು. ಅಲ್ಲಿ ಹಾಡಿ ತೋರಿಸಿದ್ದನ್ನು ಇಲ್ಲಿ ಸ್ವರಾಕ್ಷರಗಳಲ್ಲಿ ಬರೆದಿದ್ದೇನೆ.

ಸಭೆಗೆ ನಮಸ್ಕಾರ. ಮಗುವನ್ನು ಸಂಗೀತಕ್ಕೆ ಸೇರಿಸಿದ ಎರಡು ಮೂರು ತಿಂಗಳಿಗೆ ತಾಯಿಯೋ ತಂದೆಯೋ ಪಾಠದ ಮನೆಯ ಬಾಗಿಲಲ್ಲಿ ನಿಂತು, "ಮೇಡಂ, ಹಾಡು ಯಾವಾಗ ಶುರು ಮಾಡ್ತೀರಿ?" ಎಂದು ಕೇಳುತ್ತಾರೆ. ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ನಾನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಮನೆಯಲ್ಲಿ ದಿನವೂ ಕೇಳಿಬರುವುದು ಬರೀ ಸರಿಗಮವಾದರೆ, ಇದು ಎಲ್ಲಿಗೆ ಹೋಗುವ ದಾರಿ ಎಂದು ಕೇಳುವ ಹಕ್ಕು ಅವರಿಗಿದೆ. ಬಾಗಿಲಲ್ಲಿ ನಿಂತು ಎರಡು ಮಾತಿನಲ್ಲಿ ಕೊಟ್ಟ ಉತ್ತರ ನನಗೆ ಎಂದೂ ತೃಪ್ತಿ ತಂದಿಲ್ಲವಾದ್ದರಿಂದ, ಇವತ್ತು ಅದನ್ನು ಬಿಡಿಸಿ ಹೇಳಲು ಈ ಸಮಯವನ್ನು ಬಳಸಿಕೊಳ್ಳುತ್ತೇನೆ.

ಮೊದಲು ಕಷ್ಟ ಎಲ್ಲಿದೆ ಎಂಬುದನ್ನು ನೋಡೋಣ. ಒಂದು ವರ್ಣವನ್ನು, ಅಂದರೆ ಈ ಅಭ್ಯಾಸ ಪಾಠಗಳ ದಾರಿಯ ಕೊನೆಗೆ ಬರುವ ದೊಡ್ಡ ರಚನೆಯನ್ನು, ಹಾಡುವಾಗ ಗಂಟಲು ಶ್ರುತಿಗೆ ನಿಲ್ಲಬೇಕು, ಸ್ವರವು ತನ್ನ ಸ್ಥಾನದಲ್ಲಿ ಬೀಳಬೇಕು, ಬಲಗೈ ತಾಳವನ್ನು ತಪ್ಪದೆ ಎಣಿಸುತ್ತಿರಬೇಕು, ಆ ತಾಳದೊಳಗೆ ಒಂದನೆಯ ಕಾಲವೂ ಅದರ ಎರಡರಷ್ಟು ವೇಗದ ಎರಡನೆಯ ಕಾಲವೂ ಅಳತೆಯಾಗಿ ಕೂರಬೇಕು, ಸಾಹಿತ್ಯದ ಅಕ್ಷರ ಸ್ಪಷ್ಟವಾಗಿರಬೇಕು, ರಾಗಕ್ಕೆ ತಕ್ಕ ಗಮಕ, ಅಂದರೆ ಸ್ವರದ ತೂಗಾಟ ಒತ್ತುಗಳು, ಬರಬೇಕು, ಮತ್ತು ಇಷ್ಟೆಲ್ಲ ಆಗುತ್ತಿರುವಾಗ ಹಾಡುವವರ ಕಿವಿ ತನ್ನ ದನಿಯನ್ನೇ ಕೇಳುತ್ತಿರಬೇಕು. ಇವುಗಳಲ್ಲಿ ಯಾವುದೂ ಒಂದೊಂದಾಗಿ ನೋಡಿದರೆ ಏಳು ವರ್ಷದ ಮಗುವಿನ ಶಕ್ತಿಗೆ ಮೀರಿದ್ದಲ್ಲ. ತಾಳ ಹಾಕುವುದು ಕೈಯಾಟದಷ್ಟೇ ಸುಲಭ. ಷಡ್ಜ, ಅಂದರೆ 'ಸ' ಸ್ವರ, ಹಿಡಿದು ನಿಲ್ಲುವುದನ್ನು ಹೆಚ್ಚಿನ ಮಕ್ಕಳು ಕೆಲವೇ ದಿನಗಳಲ್ಲಿ ಕಲಿಯುತ್ತಾರೆ. ಅಸಾಧ್ಯವಾಗುವುದು ಏಳೂ ಒಟ್ಟಿಗೆ ಮೈಮೇಲೆ ಬಿದ್ದಾಗ. ಹಾಗಾಗಿ ಕಲಿಸುವವರ ಕೆಲಸ, ಒಟ್ಟಾಗಿ ಬಿಗಿದ ಈ ಗಂಟನ್ನು ಎಳೆಎಳೆಯಾಗಿ ಬಿಡಿಸಿ, ಒಂದು ಎಳೆ ಕೈಗೆ ಪಳಗಿದ ಮೇಲೆ ಇನ್ನೊಂದನ್ನು ಸೇರಿಸುತ್ತಾ, ಕೊನೆಗೆ ಗಂಟು ಮತ್ತೆ ಬಿಗಿಯಾದಾಗ ಅದು ಭಾರವೆನಿಸದಂತೆ ಮಾಡುವುದು.

ಕರ್ನಾಟಕ ಸಂಗೀತದಲ್ಲಿ ಈ ಬಿಡಿಸುವ ಕೆಲಸವನ್ನು ಮಾಡಿಕೊಟ್ಟವರು ಪುರಂದರದಾಸರು ಎಂದು ಪರಂಪರೆ ನಂಬಿಕೊಂಡು ಬಂದಿದೆ. ಅವರ ಕಾಲ 1484ರಿಂದ 1564. ಹಂಪಿಯಲ್ಲಿ ವಿಠ್ಠಲ ದೇವಾಲಯದಿಂದ ತುಂಗಭದ್ರೆಯ ಕಡೆಗೆ ಇಳಿದರೆ ಅವರ ಹೆಸರಿನ ಮಂಟಪವನ್ನು ಇಂದಿಗೂ ನೋಡಬಹುದು. ದಾಸರೆಂದರೆ ನಮಗೆ ನೆನಪಾಗುವುದು ಅವರ ಪದಗಳು. ಆದರೆ ಅವರನ್ನು ಕರ್ನಾಟಕ ಸಂಗೀತ ಪಿತಾಮಹರೆಂದು ತಮಿಳುನಾಡಿನಲ್ಲೂ ಆಂಧ್ರದಲ್ಲೂ ಕೇರಳದಲ್ಲೂ ಗೌರವಿಸುವುದಕ್ಕೆ ಮುಖ್ಯ ಕಾರಣ ಈ ಆರಂಭದ ಪಾಠಗಳು. ಕನ್ನಡದ ಒಂದಕ್ಷರವೂ ಬಾರದ ಮಗು ಕೂಡ ಈ ದಾರಿಯಲ್ಲೇ ಹೆಜ್ಜೆಯಿಡುತ್ತದೆ, ಅದು ಕಲಿಯುವ ಮೊದಲ ಗೀತೆಯೂ ಈ ಪರಂಪರೆಯದೇ. ಕನ್ನಡ ನಾಡು ಇಡೀ ದಕ್ಷಿಣ ಭಾರತಕ್ಕೆ ಕೊಟ್ಟ ಕೊಡುಗೆಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಾಣೆ.

ಆ ಪಾಠಗಳಿಗೆ ಆರಿಸಿಕೊಂಡ ರಾಗ ಮಾಯಾಮಾಳವಗೌಳ. ಅದರ ಹಳೆಯ ಹೆಸರು ಮಾಳವಗೌಳ. 72 ಮೇಳಗಳ, ಅಂದರೆ ಮೂಲ ರಾಗಗಳ, ಪಟ್ಟಿಯಲ್ಲಿ ಅದರ ಸಂಖ್ಯೆ 15 ಎಂಬುದು ಹೆಸರಿನಿಂದಲೇ ತಿಳಿಯಲೆಂದು ಮುಂದೆ 'ಮಾಯಾ' ಎಂಬುದನ್ನು ಸೇರಿಸಿದರು. ಅಕ್ಷರಗಳಿಗೆ ಅಂಕೆ ಕೊಡುವ ಕಟಪಯಾದಿ ಲೆಕ್ಕದಲ್ಲಿ ಮಾ ಎಂದರೆ 5, ಯಾ ಎಂದರೆ 1. ತಿರುಗಿಸಿ ಓದಿದರೆ 15. ಮೊದಲ ಪಾಠಕ್ಕೆ ಇದೇ ರಾಗ ಏಕೆ ಎಂದು ಕೇಳಿದರೆ, ಬೆಳಗಿನ ಮಂಗಳಕರ ರಾಗ ಎಂಬ ಉತ್ತರ ಸಾಮಾನ್ಯವಾಗಿ ಸಿಗುತ್ತದೆ. ಅದಕ್ಕಿಂತ ಗಟ್ಟಿಯಾದ ಕಾರಣವೊಂದು ಸ್ವರಗಳ ಅಳತೆಯಲ್ಲೇ ಇದೆ, ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಲೆಕ್ಕಕ್ಕೆ ಅನುಕೂಲವಾಗಲೆಂದು ಷಡ್ಜಕ್ಕೆ ಸೆಕೆಂಡಿಗೆ 240 ಕಂಪನಗಳೆಂದು ಇಟ್ಟುಕೊಳ್ಳೋಣ. ಶುದ್ಧ ಅನುಪಾತಗಳ ಪ್ರಕಾರ ಈ ರಾಗದ ರಿ 256, ಗ 300, ಮ 320, ಪ 360, ದ 384, ನಿ 450, ಮೇಲಿನ ಸ 480 ಆಗುತ್ತದೆ. ಇಲ್ಲಿ ಸ-ರಿ, ಗ-ಮ, ಪ-ದ, ನಿ-ಸ ಎಂಬ ನಾಲ್ಕು ಜೋಡಿಗಳನ್ನು ಗಮನಿಸಿ. ನಾಲ್ಕರ ಅನುಪಾತವೂ 15ಕ್ಕೆ 16. ಅಂದರೆ ಸಪ್ತಕದ ಎಂಟು ಸ್ವರಗಳು ಎಂಟು ಬಿಡಿ ನೆಲೆಗಳಾಗಿ ಚದುರಿಲ್ಲ. ಒಂದರ ಪಕ್ಕ ಒಂದು ಒರಗಿಕೊಂಡ ನಾಲ್ಕು ಜೋಡಿಗಳಾಗಿ ನಿಂತಿವೆ. ರಿಷಭವು ಷಡ್ಜಕ್ಕೆ ಆತುಕೊಂಡಿದೆ, ದೈವತವು ಪಂಚಮಕ್ಕೆ ಆತುಕೊಂಡಿದೆ, ಗಾಂಧಾರವು ಮಧ್ಯಮದ ಹೊಸ್ತಿಲಲ್ಲಿದೆ, ನಿಷಾದವು ಮೇಲಿನ ಷಡ್ಜದ ಹೊಸ್ತಿಲಲ್ಲಿದೆ. ಸ, ಮ, ಪ ಎಂಬ ಸ್ವರಗಳು ತಂಬೂರಿಯ ನಾದದೊಡನೆ ಸುಲಭವಾಗಿ ಬೆರೆಯುವಂಥವು. ಎಳೆಯ ಕಿವಿಗೆ ಗುರುತು ಸಿಗದ ಸ್ವರಗಳಿಗೆಲ್ಲ ಹೀಗೆ ಗುರುತು ಸಿಗುವ ಒಂದೊಂದು ಸ್ವರ ನೆರೆಮನೆಯಾಗಿದೆ. ಇದರ ಜೊತೆಗೆ, ಸರಿಗಮ ಎಂಬ ಕೆಳಗಿನ ಅರ್ಧದ ಅಂತರಗಳು ಹೇಗಿವೆಯೋ ಪದನಿಸ ಎಂಬ ಮೇಲಿನ ಅರ್ಧದ ಅಂತರಗಳೂ ಹಾಗೆಯೇ ಇವೆ. ಕೆಳಗಿನ ಅರ್ಧವನ್ನು ಕಲಿತ ಮಗುವಿಗೆ ಮೇಲಿನ ಅರ್ಧ ಅರ್ಧಕ್ಕರ್ಧ ಬಂದಂತೆಯೇ. ಗಮಕವಿಲ್ಲದೆ ನೇರವಾಗಿ ಹಾಡಿದರೂ ಈ ರಾಗ ಅಂದಗೆಡುವುದಿಲ್ಲ ಎಂಬುದು ಇನ್ನೊಂದು ಅನುಕೂಲ. ಏಳು ತೊಡಕುಗಳಲ್ಲಿ ಗಮಕ ಎಂಬ ದೊಡ್ಡ ತೊಡಕನ್ನು ಹೀಗೆ ರಾಗದ ಆಯ್ಕೆಯಿಂದಲೇ ಸದ್ಯಕ್ಕೆ ಪಕ್ಕಕ್ಕಿಟ್ಟಾಯಿತು.

ಈಗ ಸರಳೆ ವರಸೆಗೆ, ಅಂದರೆ ಸ್ವರಗಳನ್ನು ಏರಿಸಿ ಇಳಿಸಿ ಹಾಡುವ ಮೊದಲ ಅಭ್ಯಾಸಕ್ಕೆ, ಬರೋಣ. ಪಾಠಾಂತರಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿದ್ದರೂ ಮೊದಲ ಏಳು ಪಾಠಗಳು ಬಹುಮಟ್ಟಿಗೆ ಎಲ್ಲ ಕಡೆಯೂ ಒಂದೇ. ಮೊದಲ ಪಾಠ ಸಪ್ತಕದ ನೇರ ಆರೋಹಣ ಅವರೋಹಣ. ಎರಡನೆಯದು 'ಸರಿಸರಿ ಸರಿಗಮ, ಸರಿಗಮ ಪದನಿಸ'. ಮೂರನೆಯದು 'ಸರಿಗಸ ರಿಗಸರಿ, ಸರಿಗಮ ಪದನಿಸ'. ನಾಲ್ಕನೆಯದು 'ಸರಿಗಮ ಸರಿಗಮ, ಸರಿಗಮ ಪದನಿಸ'. ಐದನೆಯದರಲ್ಲಿ ಪಂಚಮದವರೆಗೆ ಹೋಗಿ, ಅಲ್ಲಿ ಒಂದು ಅಕ್ಷರ ನಿಂತು, ಮತ್ತೆ ಸರಿ ಎಂದು ಹಿಂದಿರುಗುತ್ತೇವೆ. ಆರನೆಯದರಲ್ಲಿ ದೈವತದವರೆಗೆ ಹೋಗಿ ಹಿಂದಿರುಗುತ್ತೇವೆ. ಏಳನೆಯದರಲ್ಲಿ ನಿಷಾದದವರೆಗೆ ಹೋಗಿ ಅಲ್ಲೇ ನಿಲ್ಲುತ್ತೇವೆ. ಅವರೋಹಣದಲ್ಲೂ ಇದೇ ನಡೆ ತಲೆಕೆಳಗಾಗಿ ಬರುತ್ತದೆ.

ಚಿಕ್ಕಂದಿನಲ್ಲಿ ಇವನ್ನು ಬಾಯಿಪಾಠ ಮಾಡಿದವರಲ್ಲಿ ಬಹಳ ಮಂದಿ ಈ ಜೋಡಣೆಯನ್ನು ಗಮನಿಸಿರುವುದಿಲ್ಲ. ನಾನೂ ಗಮನಿಸಿರಲಿಲ್ಲ. ಪಾಠ ಹೇಳಲು ತೊಡಗಿ ಹಲವು ವರ್ಷಗಳಾದ ಮೇಲೆ ಒಂದು ದಿನ ಹೊಸ ವಿದ್ಯಾರ್ಥಿನಿಯ ಪುಸ್ತಕದಲ್ಲಿ ಇವನ್ನು ಒಂದರ ಕೆಳಗೊಂದು ಬರೆದುಕೊಡುತ್ತಿದ್ದಾಗ ಎರಡು ಸಂಗತಿಗಳು ಕಣ್ಣಿಗೆ ಬಿದ್ದವು. ಒಂದು, ಎರಡನೆಯ ಪಾಠ ರಿಷಭದ ಬಳಿ ತಡೆದು ನಿಲ್ಲುತ್ತದೆ, ಮೂರನೆಯದು ಗಾಂಧಾರದ ಬಳಿ, ನಾಲ್ಕನೆಯದು ಮಧ್ಯಮದ ಬಳಿ, ಹೀಗೆ ಏಳನೆಯ ಪಾಠದ ಹೊತ್ತಿಗೆ ನಿಷಾದದವರೆಗೆ, ಪಾಠಕ್ಕೊಂದು ಸ್ವರದಂತೆ ಮುಂದೆ ಸಾಗುತ್ತದೆ. ಎರಡು, ಪ್ರತಿ ಪಾಠದಲ್ಲೂ ಹೊಸದಿರುವುದು ಮೊದಲ ಆವರ್ತನದಲ್ಲಿ, ಅಂದರೆ ತಾಳದ ಮೊದಲ ಸುತ್ತಿನಲ್ಲಿ, ಮಾತ್ರ. ಎರಡನೆಯ ಆವರ್ತನ ಯಾವಾಗಲೂ ಮೊದಲ ದಿನ ಕಲಿತ ಆ ಪೂರ್ಣ ಸಪ್ತಕವೇ. ಮಗು ಹೊಸ ತಿರುವಿನಲ್ಲಿ ಒಂದು ಕ್ಷಣ ತಡವರಿಸುತ್ತದೆ, ಮರುಕ್ಷಣವೇ ತನಗೆ ಚೆನ್ನಾಗಿ ಗೊತ್ತಿರುವ ದಾರಿಗೆ ಬಂದು ಸೇರುತ್ತದೆ, ಅಲ್ಲಿ ಉಸಿರು ಸರಿಮಾಡಿಕೊಳ್ಳುತ್ತದೆ, ಮತ್ತೆ ಹೊಸ ತಿರುವಿಗೆ ಹೋಗುತ್ತದೆ. ಹೊರಗೆ ಆಡಲು ಹೋದ ಕೂಸು ನಡುನಡುವೆ ಓಡಿಬಂದು ಅಮ್ಮನನ್ನು ಮುಟ್ಟಿ ಹೋಗುವುದಿಲ್ಲವೇ, ಹಾಗೆ.

ಕಷ್ಟದ ವಿಷಯವನ್ನು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿ ಕೊಡಬೇಕೆಂದು ಎಲ್ಲರೂ ಹೇಳುತ್ತಾರೆ. ಆದರೆ ಕತ್ತರಿಸುವುದರಲ್ಲಿ ಎರಡು ಬಗೆಯಿದೆ. ರೊಟ್ಟಿಯನ್ನು ಮುರಿದಂತೆ ಕತ್ತರಿಸಿದರೆ, ಇವತ್ತು ಸರಿ, ನಾಳೆ ಗಮ, ನಾಡಿದ್ದು ಪದ ಎಂದಾಗುತ್ತದೆ. ಮಗುವಿಗೆ ವಾರಗಟ್ಟಲೆ ಪೂರ್ಣವಾದ ಯಾವುದೂ ಸಿಗುವುದಿಲ್ಲ, ತುಂಡುಗಳನ್ನು ಕೂಡಿಸುವ ಕಷ್ಟ ಕೊನೆಯಲ್ಲಿ ಇಡಿಯಾಗಿ ಹಾಗೆಯೇ ಉಳಿದಿರುತ್ತದೆ. ಸರಳೆ ವರಸೆ ಹಾಗೆ ಕತ್ತರಿಸುವುದಿಲ್ಲ. ಅದು ಮೊದಲ ದಿನವೇ ಪೂರ್ಣ ಸಪ್ತಕವನ್ನು ಕೈಗಿಡುತ್ತದೆ. ಆಮೇಲಿನ ಪ್ರತಿಯೊಂದು ಪಾಠವೂ ತನ್ನಷ್ಟಕ್ಕೆ ಪೂರ್ಣ, ಷಡ್ಜದಲ್ಲಿ ಹುಟ್ಟಿ ಷಡ್ಜಕ್ಕೆ ಮರಳುವಂಥದ್ದು. ಹಿಂದಿನದಕ್ಕಿಂತ ಒಂದೇ ಒಂದು ಸಂಗತಿಯಲ್ಲಿ ಬೇರೆಯಾದದ್ದು. ನಾನು ಇವತ್ತು ಹೇಳಬೇಕೆಂದು ಬಂದ ಮಾತೆಂದರೆ ಇದೇ. ಮೆಟ್ಟಿಲು ಚಿಕ್ಕದಾಗಿದ್ದರೆ ಸಾಲದು, ಅದರ ಮೇಲೆ ಎರಡೂ ಕಾಲೂರಿ ನಿಲ್ಲುವಂತಿರಬೇಕು.

ಕಾಲದ ಅಭ್ಯಾಸದಲ್ಲಿ ಈ ಮಾತು ಇನ್ನೂ ಚೆನ್ನಾಗಿ ಕಾಣುತ್ತದೆ. ಆದಿತಾಳದ ಎಂಟು ಅಕ್ಷರಗಳಲ್ಲಿ ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ಪೆಟ್ಟು ಮತ್ತು ಬೀಸು ಎರಡು ಸಲ. ಒಂದನೆಯ ಕಾಲದಲ್ಲಿ ಆವರ್ತನಕ್ಕೆ 8 ಸ್ವರ, ಎರಡನೆಯದರಲ್ಲಿ 16, ಮೂರನೆಯದರಲ್ಲಿ 32. ಸ್ವರಗಳು ಬದಲಾಗುವುದಿಲ್ಲ, ತಾಳ ಬದಲಾಗುವುದಿಲ್ಲ, ಅವೆರಡರ ನಡುವಿನ ಅಳತೆ ಮಾತ್ರ ಬದಲಾಗುತ್ತದೆ. ಹೊಸ ಶಿಕ್ಷಕರಲ್ಲಿ ನನ್ನದೊಂದು ವಿನಂತಿಯಿದೆ: ಒಂದನೆಯ ಕಾಲವನ್ನು ಸಾಕಷ್ಟು ವಿಳಂಬವಾಗಿ ಹಿಡಿಯಿರಿ. ತಾಳದ ಅಕ್ಷರ ಸೆಕೆಂಡಿಗೆ ಒಂದರಂತೆ ನಡೆದರೆ ಮೂರನೆಯ ಕಾಲದಲ್ಲಿ ಸೆಕೆಂಡಿಗೆ 4 ಸ್ವರಗಳು ಬರುತ್ತವೆ, ಮಗು ಅದನ್ನು ಸ್ಪಷ್ಟವಾಗಿ ಹಾಡಬಲ್ಲದು. ಬೇಸರವಾದೀತೆಂದು ಆರಂಭವನ್ನೇ ಅದರ ಎರಡರಷ್ಟು ಚುರುಕಾಗಿ ಹಿಡಿದರೆ ಮೂರನೆಯ ಕಾಲ ಸೆಕೆಂಡಿಗೆ 8 ಸ್ವರಗಳಾಗಿ, ಸ್ವರಗಳು ಒಂದಕ್ಕೊಂದು ಅಂಟಿಕೊಂಡು ಬರೀ ಸದ್ದಾಗುತ್ತದೆ. ಆಗ ಮಗು ಮಾಡುವುದು ಎರಡೇ: ಒಂದೋ ಸ್ವರ ನುಂಗುತ್ತದೆ, ಇಲ್ಲವೇ ಕೈಯನ್ನು ನಿಧಾನಗೊಳಿಸುತ್ತದೆ. ಎರಡನೆಯದು ಹೆಚ್ಚು ಅಪಾಯದ್ದು, ಏಕೆಂದರೆ ತಾಳವು ಹಾಡಿಗೆ ತಕ್ಕಂತೆ ಬಗ್ಗುತ್ತದೆ ಎಂಬ ತಪ್ಪು ತಿಳಿವಳಿಕೆ ಅಲ್ಲಿ ಬೇರೂರುತ್ತದೆ, ಮುಂದೆ ಅದನ್ನು ಕೀಳಲು ವರ್ಷಗಳೇ ಬೇಕಾಗುತ್ತವೆ. ಎರಡನೆಯ ಕಾಲದಿಂದ ಮೂರನೆಯದಕ್ಕೆ ಏರುವುದೇ ದೊಡ್ಡ ಹೆಜ್ಜೆಯೆನಿಸುವ ಮಕ್ಕಳಿಗೆ ನಾನು ಮೂರು ಆವರ್ತನ ಎರಡನೆಯ ಕಾಲ, ಒಂದು ಆವರ್ತನ ಮೂರನೆಯ ಕಾಲ ಎಂದು ಹಾಡಿಸುತ್ತೇನೆ. ಕೈ ನಿಲ್ಲಬಾರದೆಂಬುದೊಂದೇ ನಿಯಮ.

ಜಂಟಿ ವರಸೆ, ದಾಟು ವರಸೆಗಳ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಜಂಟಿಯಲ್ಲಿ ಅದೇ ಸ್ವರ ಎರಡು ಸಲ ಬರುತ್ತದೆ, ಆದರೆ ಎರಡನೆಯದಕ್ಕೆ ಕೆಳಗಿನ ಸ್ವರವನ್ನು ಸೋಕಿ ಬರುವ ಒತ್ತು ಬೀಳುತ್ತದೆ. ಸ್ಫುರಿತವೆಂಬ ಈ ಒತ್ತೇ ಮಗು ಮೊದಲು ಕಲಿಯುವ ಗಮಕ, ಅದಕ್ಕೆ ಹೆಸರು ಹೇಳುವ ಅಗತ್ಯವೂ ಇಲ್ಲ. ವೀಣೆ ಕಲಿಯುವವರ ಬೆರಳಿಗೆ ಬಲ ಬರುವುದೂ ಇಲ್ಲಿಯೇ. ದಾಟುವಿನಲ್ಲಿ ಪಕ್ಕದ ಸ್ವರಕ್ಕಲ್ಲದೆ ಒಂದೆರಡು ಸ್ವರ ಬಿಟ್ಟು ನೆಗೆಯುವ ಅಭ್ಯಾಸ. ಆಮೇಲಿನ ಏಳು ಅಲಂಕಾರಗಳಲ್ಲಿ ಸ್ವರಗಳೆಲ್ಲ ಪರಿಚಿತ, ಹೊಸದಾದದ್ದು ತಾಳ: ಧ್ರುವಕ್ಕೆ 14 ಅಕ್ಷರ, ಮಠ್ಯಕ್ಕೆ 10, ರೂಪಕಕ್ಕೆ 6, ಝಂಪೆಗೆ 10, ತ್ರಿಪುಟಕ್ಕೆ 7, ಅಟ್ಟಕ್ಕೆ 14, ಏಕಕ್ಕೆ 4. 'ಸರಿ ಸರಿಗಮ, ರಿಗ ರಿಗಮಪ' ಎಂದು ರೂಪಕದ ಅಲಂಕಾರವನ್ನು ಹಾಡುವಾಗ ಗಂಟಲಿಗೆ ಹೊಸ ಕೆಲಸವೇನೂ ಇಲ್ಲ, ಕೈಗೆ ಮಾತ್ರ ಇದೆ.

ತಂದೆತಾಯಂದಿರು ಕೇಳುವ ಆ 'ಹಾಡು' ಬರುವುದು ಇದಾದ ಮೇಲೆ, ಪಿಳ್ಳಾರಿ ಗೀತೆಯ ರೂಪದಲ್ಲಿ. ಪಿಳ್ಳಾರಿ ಎಂದರೆ ಗಣಪತಿ. ಮೊದಲ ಗೀತೆ 'ಶ್ರೀ ಗಣನಾಥ', ರಾಗ ಮಲಹರಿ, ತಾಳ ರೂಪಕ. ಇಲ್ಲಿಯ ಜಾಣತನವನ್ನು ನೆನೆದಾಗಲೆಲ್ಲ ನನಗೆ ಕೈಮುಗಿಯಬೇಕೆನಿಸುತ್ತದೆ. ಸಾಹಿತ್ಯ ಎಂಬ ಹೊಸ ಹೊರೆ ಮೊದಲ ಬಾರಿಗೆ ಹೆಗಲೇರುವ ಘಳಿಗೆಯಿದು. ಆ ಘಳಿಗೆಯಲ್ಲಿ ಉಳಿದ ಹೊರೆಗಳನ್ನೆಲ್ಲ ಹಗುರ ಮಾಡಿದ್ದಾರೆ. ಮಲಹರಿ ಮಾಯಾಮಾಳವಗೌಳದ್ದೇ ಜನ್ಯ, ಅಂದರೆ ಅದರಿಂದ ಹುಟ್ಟಿದ ರಾಗ. ಅದರಲ್ಲಿ ಹೊಸ ಸ್ವರ ಒಂದೂ ಇಲ್ಲ. ಇನ್ನೂ ಹೇಳಬೇಕೆಂದರೆ ಇರುವುದರಲ್ಲೇ ಕಡಿಮೆ ಮಾಡಲಾಗಿದೆ: ಆರೋಹಣದಲ್ಲಿ 'ಸರಿಮಪದಸ', ಅವರೋಹಣದಲ್ಲಿ 'ಸದಪಮಗರಿಸ'. ನಿಷಾದ ಪೂರ್ತಿಯಾಗಿ ಇಲ್ಲ, ಗಾಂಧಾರ ಇಳಿಯುವಾಗ ಮಾತ್ರ. ಗಾಂಧಾರವನ್ನು ಬಿಟ್ಟು ರಿಯಿಂದ ಮಧ್ಯಮಕ್ಕೆ ನೆಗೆಯುವುದಕ್ಕೆ ದಾಟು ವರಸೆ ಗಂಟಲನ್ನು ಸಿದ್ಧಪಡಿಸಿದೆ, ರೂಪಕದ ಆರು ಅಕ್ಷರಕ್ಕೆ ಅಲಂಕಾರ ಕೈಯನ್ನು ಸಿದ್ಧಪಡಿಸಿದೆ. ಗೀತೆ ಷಡ್ಜದಿಂದಲ್ಲ, ಮಧ್ಯಮದಿಂದ ಆರಂಭವಾಗುತ್ತದೆ, 'ಮಪ ದಸಸರಿ' ಎಂದು. ಇಷ್ಟು ದಿನ ಪ್ರತಿ ಪಾಠವನ್ನೂ ಷಡ್ಜದಿಂದಲೇ ತೊಡಗುತ್ತಿದ್ದ ಮಗು ಇಂದು ನಡುದಾರಿಯಲ್ಲಿ ನಿಂತು ದನಿಯೆತ್ತುತ್ತದೆ, ಮತ್ತು ಅದಕ್ಕೆ ದಾರಿ ತಪ್ಪುವುದಿಲ್ಲ. ಅಡಿಪಾಯದ ಪಾಠವನ್ನು ಬಿಟ್ಟು ನೇರವಾಗಿ ಗೀತೆಯನ್ನು ಬಾಯಿಪಾಠ ಮಾಡಿಸಿದರೂ ಮಗು ಅದನ್ನು ಹಾಡಬಲ್ಲದು, ಅದು ನಿಜ. ಆದರೆ ಅದು ಬಲ್ಲದ್ದು ಆ ಒಂದು ಗೀತೆಯನ್ನು ಮಾತ್ರ.

ಈ ಕೊನೆಯ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಪಾಠ ಹೇಳಲು ತೊಡಗಿದ ಮೊದಲ ವರ್ಷಗಳಲ್ಲಿ ಒಬ್ಬ ಚುರುಕಾದ ಹುಡುಗಿ ನನ್ನಲ್ಲಿಗೆ ಬಂದಳು. ಕೇಳಿದ್ದನ್ನು ಕೇಳಿದ ಹಾಗೆ ಹಾಡುವ ಕಂಠ ಅವಳದು. ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ಕೃತಿ ಬೇಕೆಂದು ಮನೆಯವರು ಆಸೆಪಟ್ಟರು, ನಾನು ಅಲಂಕಾರಗಳನ್ನು ಬಿಟ್ಟು ಕೃತಿಗೆ ಹಾರಿದೆ. ಅವಳು ಚೆನ್ನಾಗಿಯೇ ಹಾಡಿದಳು, ಸಭೆ ಮೆಚ್ಚಿತು. ಮುಂದಿನ ಎರಡು ವರ್ಷ ಪ್ರತಿಯೊಂದು ಹೊಸ ಹಾಡನ್ನೂ ಅವಳಿಗೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಾನೇ ಹಾಡಿ ತುಂಬಬೇಕಾಯಿತು. ಒಂದು ಸಾಲಿನಲ್ಲಿ ತಪ್ಪಿದರೆ ಎಲ್ಲಿ ತಪ್ಪಿತೆಂದು ಅವಳಿಗೆ ತಿಳಿಯುತ್ತಿರಲಿಲ್ಲ, ಏಕೆಂದರೆ ಸಾಲಿನೊಳಗಿನ ಸ್ವರಗಳು ಅವಳಿಗೆ ಕಾಣುತ್ತಿರಲಿಲ್ಲ. ಕೊನೆಗೆ ನಾವಿಬ್ಬರೂ ಸೇರಿ ಅಲಂಕಾರಕ್ಕೆ ಹಿಂದಿರುಗಿದೆವು. ಹನ್ನೊಂದು ವರ್ಷದ ಹುಡುಗಿಗೆ ಹಾಗೆ ಹಿಂದಿರುಗುವುದು ಎಷ್ಟು ನೋವಿನ ಸಂಗತಿ ಎಂಬುದನ್ನು ಅವಳ ಮುಖದಲ್ಲಿ ನೋಡಿದ್ದೇನೆ. ಆ ತಪ್ಪು ಅವಳದಾಗಿರಲಿಲ್ಲ, ನನ್ನದಾಗಿತ್ತು.

ಹಾಗೆಂದು ಮೆಟ್ಟಿಲಿನಲ್ಲೇ ಕೂರಿಸಿಬಿಡುವುದೂ ಸರಿಯಲ್ಲ. ಸರಳೆಯನ್ನು ವರ್ಷಗಟ್ಟಲೆ ಹಾಡಿಸಿ, ಮುಂದೇನೆಂದು ತಿಳಿಯದೆ ಸಂಗೀತವನ್ನೇ ಬಿಟ್ಟ ಮಕ್ಕಳನ್ನೂ ನಾನು ಬಲ್ಲೆ. ಒಂದು ಪಾಠ ಪೂರ್ಣ ಶುದ್ಧವಾಗುವವರೆಗೆ ಮುಂದಿನದಿಲ್ಲ ಎನ್ನುವ ಹಟ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಪೂರ್ಣ ಶುದ್ಧವಾಗುವುದು ಎಂಬುದಕ್ಕೆ ಈ ವಿದ್ಯೆಯಲ್ಲಿ ಕೊನೆಯೇ ಇಲ್ಲ. ನಾನು ಇಟ್ಟುಕೊಂಡಿರುವ ಅಳತೆ ಬೇರೆ. ಮಗು ಆ ಪಾಠವನ್ನು ಹಾಡುತ್ತಿರುವಾಗ ನಾನು ನಡುವೆ ತಾಳ ಹಾಕುವುದನ್ನು ನಿಲ್ಲಿಸಿ ಸುಮ್ಮನೆ ಕೂರುತ್ತೇನೆ. ಅದರ ಕೈ ತಾನಾಗಿ ನಡೆಯುತ್ತಿದ್ದು, ಕಣ್ಣು ನನ್ನ ಮುಖವನ್ನು ಹುಡುಕದಿದ್ದರೆ, ಗಮನಕ್ಕೆ ಸ್ವಲ್ಪ ಬಿಡುವು ಸಿಕ್ಕಿದೆ ಎಂದು ಅರ್ಥ. ಹೊಸದೊಂದನ್ನು ಇಡಲು ಜಾಗವಾಗಿದೆ. ಸ್ವಲ್ಪ ಸ್ವರ ಜಾರಿದರೂ ಆಗ ಮುಂದಿನ ಪಾಠ ಹೇಳುತ್ತೇನೆ, ಜಾರಿದ ಸ್ವರ ಮುಂದಿನ ಪಾಠದಲ್ಲಿ ಮತ್ತೆ ಬಂದೇ ಬರುತ್ತದೆ. ಜೂನಿಯರ್ ಪರೀಕ್ಷೆಗೆ ಕಟ್ಟಿಸುವ ಆತುರದಲ್ಲಿರುವವರಿಗೂ ಇದೇ ಮಾತು: ಪರೀಕ್ಷೆಯ ಪಟ್ಟಿಯಲ್ಲಿ ಎಷ್ಟು ಪಾಠಗಳಿಗೆ ಗುರುತು ಹಾಕಿದೆವು ಎಂಬುದಕ್ಕಿಂತ ಈ ಬಿಡುವು ಬಂತೇ ಎಂಬುದನ್ನು ನೋಡಿ.

ಮೆಟ್ಟಿಲುಗಳಿಂದ ಎಲ್ಲವೂ ಬರುತ್ತದೆ ಎಂದು ಹೇಳಿದರೆ ನಾನು ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ತೋಡಿಯ ಗಾಂಧಾರವನ್ನು ತೆಗೆದುಕೊಳ್ಳಿ. ಶಾಸ್ತ್ರದಲ್ಲಿ ಅದು ಸಾಧಾರಣ ಗಾಂಧಾರ, ಅದಕ್ಕೊಂದು ಸ್ಥಾನವಿದೆ. ಆ ಸ್ಥಾನದಲ್ಲಿ ನೇರವಾಗಿ ನಿಂತು ಹಾಡಿದರೆ ಸ್ವರ ಶುದ್ಧವಾಗಿರುತ್ತದೆ, ಆದರೆ ತೋಡಿ ಇರುವುದಿಲ್ಲ. ಅಲ್ಲಿಯ ಗಾಂಧಾರ ತೂಗಾಡುವಂಥದ್ದು, ಆ ತೂಗಾಟದ ಹದವನ್ನು ಎಷ್ಟು ಸಣ್ಣ ತುಂಡುಗಳಾಗಿ ಮಾಡಿದರೂ ಬರೆದು ಕೊಡಲಾಗುವುದಿಲ್ಲ. ಅದು ಬರುವುದು ಕೇಳ್ಮೆಯಿಂದ. ಮೈಸೂರು ವಾಸುದೇವಾಚಾರ್ಯರು (1865-1961) ತಿರುವಯ್ಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಬಳಿ ಗುರುಕುಲವಾಸ ಮಾಡಿ ಕಲಿತರು. ಅಂಥ ವಾಸದಲ್ಲಿ ಶಿಷ್ಯನಿಗೆ ಪಾಠದ ಹೊತ್ತಿನಲ್ಲಿ ಸಿಕ್ಕಿದ್ದೆಷ್ಟೋ, ಗುರುಗಳು ತಮ್ಮಷ್ಟಕ್ಕೆ ಹಾಡಿಕೊಳ್ಳುತ್ತಿದ್ದಾಗ ಕಿವಿಗೆ ಬಿದ್ದದ್ದೂ ಅಷ್ಟೇ ಇರುತ್ತಿತ್ತು. ಇಂದಿನ ಮಕ್ಕಳು ವಾರಕ್ಕೆ ಎರಡು ಗಂಟೆ ಬಂದು ಹೋಗುತ್ತಾರೆ. ಹಾಗಾಗಿ ಸರಳೆ ಕಲಿಯುತ್ತಿರುವ ಮಗುವಿಗೂ ದಿನಕ್ಕೆ ಅರ್ಧ ಗಂಟೆ ದೊಡ್ಡ ಸಂಗೀತ ಕೇಳಿಸಿ ಎಂದು ನಾನು ಕೇಳಿಕೊಳ್ಳುವುದು. ಅರ್ಥವಾಗದಿದ್ದರೆ ಚಿಂತೆಯಿಲ್ಲ. ಹಾಡುವುದು ಒಂದೊಂದೇ ಮೆಟ್ಟಿಲಾಗಿ ಏರಲಿ, ಕೇಳುವುದಕ್ಕೆ ಮೆಟ್ಟಿಲು ಬೇಡ.

ಇವೆರಡೂ ಸೇರುವ ಸ್ಥಳ ವರ್ಣ. ವರ್ಣದ ಉತ್ತರಾಂಗದ, ಅಂದರೆ ಎರಡನೆಯ ಭಾಗದ, ರಚನೆಯನ್ನು ನೋಡಿದರೆ ಸರಳೆ ವರಸೆಯ ಆ ಹಳೆಯ ಉಪಾಯವೇ ದೊಡ್ಡದಾಗಿ ಬೆಳೆದು ನಿಂತಿದೆ ಎನಿಸುತ್ತದೆ. ಚರಣದ ಒಂದು ಸಾಲು. ಅದಕ್ಕೆ ಮೊದಲ ಎತ್ತುಗಡೆ ಸ್ವರ, ಅಂದರೆ ಆ ಸಾಲಿನ ನಂತರ ಹಾಡುವ ಸ್ವರಗಳ ಗುಚ್ಛ, ಸಾಮಾನ್ಯವಾಗಿ ದೀರ್ಘ ಸ್ವರಗಳಿಂದ ಕೂಡಿದ್ದು. ಮತ್ತೆ ಚರಣದ ಸಾಲು. ಮುಂದಿನ ಎತ್ತುಗಡೆಗಳು ಬರಬರುತ್ತಾ ತುಂಬಿಕೊಳ್ಳುತ್ತವೆ, ಕೊನೆಯವು ಹೆಚ್ಚು ಆವರ್ತನಗಳಷ್ಟು ಉದ್ದವಾಗುತ್ತವೆ, ಆದರೆ ಪ್ರತಿಯೊಂದೂ ಬಂದು ಸೇರುವುದು ಪರಿಚಿತವಾದ ಅದೇ ಸಾಲಿಗೆ. ಅಲ್ಲಿಂದ ಮುಂದೆ ತ್ಯಾಗರಾಜರ (1767-1847) ಕೃತಿಗಳಿಗೆ ಬಂದರೆ ಸಂಗತಿಗಳಿವೆ: ಪಲ್ಲವಿಯ ಒಂದೇ ಸಾಲನ್ನು ಮೊದಲು ಸರಳವಾಗಿ, ಆಮೇಲೆ ಕೊನೆಯಲ್ಲಿ ಮಾತ್ರ ಚೂರು ಬದಲಿಸಿ, ಆಮೇಲೆ ನಡುವೆಯೂ ಬದಲಿಸಿ, ಒಂದರಿಂದ ಒಂದು ಅರಳುವಂತೆ ಹಾಡುವ ಕ್ರಮ. ಕಲಿಯುವವರಿಗಾಗಿ ಹುಟ್ಟಿದ ಕ್ರಮವೇ ಇಲ್ಲಿ ಕೇಳುವವರ ಸುಖವಾಗಿದೆ. ಕಛೇರಿಯಲ್ಲಿ ಏಳನೆಯ ಸಂಗತಿಗೆ ತಲೆದೂಗುವವರು ಮೊದಲನೆಯ ಸಂಗತಿಯಿಂದ ಅಲ್ಲಿಗೆ ಒಂದೊಂದೇ ಹೆಜ್ಜೆಯಾಗಿ ನಡೆದು ಬಂದವರು. ನೇರವಾಗಿ ಏಳನೆಯದನ್ನೇ ಕೇಳಿಸಿದ್ದರೆ ಅದರ ಸೊಗಸು ಅಷ್ಟು ತಿಳಿಯುತ್ತಿರಲಿಲ್ಲ.

ಸಭೆಯಲ್ಲಿ ಒಬ್ಬರು ಆನ್‌ಲೈನ್ ಪಾಠದ ಬಗ್ಗೆ ಕೇಳಿದ್ದಾರೆ. ಅಮೆರಿಕದಲ್ಲೂ ಯುರೋಪಿನಲ್ಲೂ ಇರುವ ಕನ್ನಡದ ಮನೆಗಳ ಮಕ್ಕಳಿಗೆ ನಾನೂ ಪರದೆಯ ಮೂಲಕ ಪಾಠ ಹೇಳುತ್ತೇನೆ. ಅಲ್ಲಿ ದನಿ ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ಹಾಡಲಾಗುವುದಿಲ್ಲ, ನನ್ನ ತಾಳಕ್ಕೆ ಮಗು ಹಾಡಿದರೆ ನನಗೆ ಅದು ಯಾವಾಗಲೂ ಹಿಂದೆ ಬಿದ್ದಂತೆಯೇ ಕೇಳಿಸುತ್ತದೆ. ಹಾಗಾಗಿ ಶ್ರುತಿ ಮತ್ತು ತಾಳ ಎರಡೂ ಮಗುವಿನ ಕಡೆಯಲ್ಲೇ ಇರಬೇಕು. ಎದುರು ಕೂತ ಮಗುವಿಗೆ ನಾನು ಜೊತೆಯಲ್ಲಿ ಹಾಡಿ ಕೊಡುವ ಆಸರೆ ಅಲ್ಲಿ ಸಿಗುವುದಿಲ್ಲವಾದ್ದರಿಂದ, ಅಲ್ಲಿಯ ಮೆಟ್ಟಿಲುಗಳನ್ನು ಇನ್ನೂ ಚಿಕ್ಕದು ಮಾಡುತ್ತೇನೆ: ಒಂದು ಆವರ್ತನ ನಾನು, ಒಂದು ಆವರ್ತನ ಮಗು, ಅಷ್ಟೇ. ಇದರಿಂದ ಅನಿರೀಕ್ಷಿತವಾದ ಲಾಭವೂ ಒಂದಾಗಿದೆ. ಆ ಮಕ್ಕಳ ತಾಳ ಬೇಗ ಸ್ವತಂತ್ರವಾಗುತ್ತದೆ.

ಕೊನೆಯದಾಗಿ ಒಂದು ಸಂಗತಿ ಹೇಳುತ್ತೇನೆ. ನಿವೃತ್ತರಾದ ಮೇಲೆ ಸಂಗೀತ ಕಲಿಯಲು ಬಂದ ಹಿರಿಯರೊಬ್ಬರು ನನ್ನಲ್ಲಿ ಭಾನುವಾರಗಳಂದು ಪಾಠ ಹೇಳಿಸಿಕೊಳ್ಳುತ್ತಿದ್ದಾರೆ. ಅಲಂಕಾರಗಳನ್ನು ಮುಗಿಸಿ ಗೀತೆಗೆ ಬಂದಾಗ 'ಲಂಬೋದರ' ಎನ್ನುವಲ್ಲಿ ಅವರು ಪ್ರತಿ ಸಲವೂ ಎಡವುತ್ತಿದ್ದರು. ಅಲ್ಲಿ ಸ್ವರ 'ಸರಿ ಮ,ಗರಿ'. ರಿಯಿಂದ ನೇರವಾಗಿ ಮಧ್ಯಮಕ್ಕೆ ಹೋಗುವ ಬದಲು ಅವರ ದನಿ ಗಾಂಧಾರದ ಮೇಲೆ ಹಾದು ಹೋಗುತ್ತಿತ್ತು. ವಯಸ್ಸಾಯಿತು, ಇನ್ನು ತಿದ್ದುವುದಿಲ್ಲ ಎಂದು ಅವರು ಬೇಸರಪಟ್ಟುಕೊಂಡರು. ನಾವು ಗೀತೆಯನ್ನು ಬದಿಗಿಟ್ಟು, ಮೊದಲು ಸರಿಗಮ ಎಂದು ನಾಲ್ಕೂ ಸ್ವರಗಳನ್ನು ಹಾಡಿದೆವು. ಆಮೇಲೆ ಗಾಂಧಾರವನ್ನು ಮೆಲ್ಲಗೆ, ಪಿಸುಮಾತಿನಂತೆ ಹಾಡಿದೆವು. ಆಮೇಲೆ ಅದನ್ನು ಬಾಯಲ್ಲಿ ಬಿಟ್ಟು ಬೆರಳಿನಲ್ಲಿ ಮಾತ್ರ ಎಣಿಸಿದೆವು, ಮನಸ್ಸು ಅಲ್ಲಿಗೆ ಹೋಗಿಬರುವಷ್ಟು ಹೊತ್ತು ಸುಮ್ಮನಿದ್ದು ಮಧ್ಯಮ ಹಿಡಿದೆವು. ಕೊನೆಗೆ ಆ ನಡುವಿನ ಮೌನವನ್ನೂ ತೆಗೆದೆವು. ಇಷ್ಟಕ್ಕೆ ಮೂರು ಭಾನುವಾರಗಳು ಬೇಕಾದವು. ಕಳೆದ ವಾರ ಅವರು ಗೀತೆಯನ್ನು ಮೊದಲಿನಿಂದ ಕೊನೆಯವರೆಗೆ ಎಡವದೆ ಹಾಡಿದರು, ಹಾಡಿ ಮುಗಿಸಿ ತಾಳ ಹಾಕುತ್ತಿದ್ದ ಕೈಯನ್ನು ಇನ್ನೊಂದು ಆವರ್ತನ ನಿಲ್ಲಿಸಲೇ ಇಲ್ಲ. ಈ ಭಾನುವಾರ ಅವರಿಗೆ ಎರಡನೆಯ ಗೀತೆ 'ಕುಂದಗೌರ' ಆರಂಭವಾಗುತ್ತದೆ. ರಾಗ ಅದೇ ಮಲಹರಿ, ತಾಳ ಅದೇ ರೂಪಕ.